ಆರನೇ ಭಾಷೆ ಆರ್

ನನಗೆ ಐದು ಭಾಷೆ ಬರುತ್ತದೆ. ಜಂಬಕ್ಕೆ ಹೇಳುದಲ್ಲ. ಪುತ್ತೂರಿನಲ್ಲಿ ಹುಟ್ಟಿದವರಿಗೆ ಇದೆಲ್ಲ ಶೀತ, ಕೆಮ್ಮಿನ ಹಾಗೆ ತಾನಾಗಿಯೇ ಬರುತ್ತದೆ. ಮನೆಯಲ್ಲಿ ತುಳು, ಕಾಲೇಜಿನಲ್ಲಿ ಕನ್ನಡ, ಸುಳ್ಯದ ಮಕ್ಕಳ ಹತ್ತಿರ ಅರೆಭಾಷೆ, ಮೀನಿನ ಅಂಗಡಿಯಲ್ಲಿ ಬ್ಯಾರಿ, ಮಂಡೆಕೋಲಿನ ನಾದಿನಿಯ ನೆರೆಯವರ ಹತ್ತಿರ ಮಲಯಾಳ. ಇಂಗ್ಲಿಷನ್ನು ನಾನು ಇದಕ್ಕೆ ಸೇರಿಸಿಲ್ಲ. ಅದು ಬರುತ್ತದೋ ಇಲ್ಲವೋ ಎಂಬುದು ಎದುರಿಗೆ ಯಾರು ನಿಂತಿದ್ದಾರೆ ಎನ್ನುವುದರ ಮೇಲೆ ನಿಂತಿದೆ.

ಹಾಗಾಗಿ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ "ಬನ್ನಿ, ಆರ್ ಭಾಷೆ ಕಲಿಯೋಣ" ಎಂಬ ಚೀಟಿ ಕಂಡಾಗ ನಾನು ಒಂಚೂರೂ ಹೆದರಲಿಲ್ಲ. ಕನ್ನಡಕ್ಕೆ ನಲವತ್ತೊಂಬತ್ತು ಅಕ್ಷರ. ಇದಕ್ಕೆ ಇಂಗ್ಲಿಷಿನ ಒಂದೇ ಅಕ್ಷರ! ಎಷ್ಟು ಹೊತ್ತಿನ ಕೆಲಸ?

ವಿಶ್ವವಿದ್ಯಾಲಯದವರು ಪುತ್ತೂರು, ಸುಳ್ಯ, ಕಡಬದ ಕಡೆಯ ಕಾಲೇಜುಗಳಿಗಾಗಿ ಒಂದು ಬಳಗ ಶುರುಮಾಡಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಸೇರುವುದು, ಅಂಕಿ ಅಂಶಗಳನ್ನು ಕಂಪ್ಯೂಟರಿಗೆ ಕೊಟ್ಟು ಚಂದದ ಚಿತ್ರ ಮಾಡಿಸುವುದನ್ನು ಕಲಿಯುವುದು. ಯಾರು ಬೇಕಾದರೂ ಬರಬಹುದು, ಏನೂ ಗೊತ್ತಿರಬೇಕಾಗಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ಆ ಕೊನೆಯ ಅರ್ಹತೆ ನನ್ನಲ್ಲಿ ಸಂಪೂರ್ಣವಾಗಿತ್ತು.

ನಾನು ಸುಮ್ಮನೆ ಹೋದದ್ದಲ್ಲ. ನಾನು ಆ ಕಾಲೇಜಿನ ಗ್ರಂಥಪಾಲಕಿ, ಹೆಸರು ವಾರಿಜಾ, ಸೇವೆ ಇಪ್ಪತ್ತಾರು ವರ್ಷ. ಆ ತಿಂಗಳು ಆಡಳಿತ ಸಮಿತಿಯಿಂದ ನನಗೆ ಒಂದು ಕಾಗದ ಬಂದಿತ್ತು. ಸಂಜೆ ಲೈಬ್ರರಿಗೆ ಯಾರೂ ಬರುವುದಿಲ್ಲವೆಂದು ತಿಳಿದುಬಂದಿದೆ, ಆದ್ದರಿಂದ ಇನ್ನು ಮುಂದೆ ನಾಲ್ಕು ಗಂಟೆಗೇ ಬಾಗಿಲು ಹಾಕುವುದು ಎಂದು ಯೋಚಿಸಲಾಗಿದೆ, ತಮ್ಮ ಅಭಿಪ್ರಾಯ ತಿಳಿಸಿ ಎಂದು. ಯಾರಿಗೆ ತಿಳಿದುಬಂತು? ಹೇಗೆ ತಿಳಿದುಬಂತು? ನಾಲ್ಕರಿಂದ ಐದೂಮುಕ್ಕಾಲರವರೆಗೆ ನನ್ನಲ್ಲಿ ಕೂರಲಿಕ್ಕೆ ಜಾಗ ಇರುವುದಿಲ್ಲ! ಗುತ್ತಿಗಾರು, ಮಂಡೆಕೋಲು, ಕಡಬ ಎಂದು ದೂರದೂರದ ಮಕ್ಕಳೆಲ್ಲ ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಇರುತ್ತಾರೆ.

ಗುತ್ತಿಗಾರಿನ ದೀಕ್ಷಾ ಎಂಬ ಬಿ.ಕಾಂ. ಹುಡುಗಿ ನನ್ನ ಮೇಜಿನ ಹತ್ತಿರ ಬಂದು ಕೇಳಿದಳು, "ಮೇಡಂ, ನೀವು ನಾಲ್ಕಕ್ಕೆ ಬಾಗಿಲು ಹಾಕಿದ್ರೆ ನಾವು ಎಲ್ಲಿ ಹೋಗುದು? ಬಸ್‌ಸ್ಟ್ಯಾಂಡಿನಲ್ಲಿ ಒಂದೂಮುಕ್ಕಾಲು ಗಂಟೆ ನಿಲ್ಲುದಾ?"

"ನಾಲ್ಕಕ್ಕೆ ಹಾಕ್ಲಿಕ್ಕೆ ನಾನು ಬಿಡಬೇಕಲ್ಲ," ಎಂದೆ. ಅಷ್ಟು ದೊಡ್ಡ ಮಾತು ಬಾಯಿಂದ ಬಿದ್ದಾಗಿತ್ತು. ಇನ್ನು ಹಿಂದೆ ಹೋಗುವಂತಿರಲಿಲ್ಲ.

ಸಮಿತಿಯವರಿಗೆ ಬಾಯಿಮಾತು ಆಗುವುದಿಲ್ಲ, ಈಗ ಎಲ್ಲರಿಗೂ ಗ್ರಾಫ್ ಬೇಕು. ಸರಿ, ಗ್ರಾಫೇ ಕೊಡುವ! ನನ್ನ ಹತ್ತಿರ ರಿಜಿಸ್ಟರ್ ಉಂಟು. ಹೆಸರು, ಊರು, ಬಂದ ಸಮಯ, ಉದ್ದೇಶ ಎಂದು ನಾಲ್ಕು ಕಾಲಂ. ಅದನ್ನು ಆರ್‌ಗೆ ಕೊಟ್ಟರೆ ಮುಗಿಯಿತು.

ಮನೆಯಲ್ಲಿ ಹೇಳಿದೆ. ನಮ್ಮವರು ಸರಕಾರಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಎಷ್ಟೋ ವರ್ಷದಿಂದ ಮೈಕಿನಲ್ಲಿ ಬಸ್ಸುಗಳ ಹೊರಡುವ ಹೊತ್ತು ಹೇಳಿ ಹೇಳಿ ಮನೆಯಲ್ಲೂ ಅವರ ಮಾತಿಗೆ ಅದೇ ರಾಗ.

"ಯಾವ ಭಾಷೆ? ಆರಾ?" ಎಂದರು. "ಯಾವ ಊರಿನವರು ಮಾತಾಡುದು ಅದು?"

"ಕಂಪ್ಯೂಟರ್ ಮಾತಾಡುದು."

"ಅಂದ್ರೆ ನೀನು ಹೇಳಿದ್ದನ್ನು ಅದು ಕೇಳ್ತದಾ?"

"ಕೇಳ್ತದೆ."

"ಹಾಗಾದ್ರೆ ಕಲಿ," ಎಂದರು. "ನನಗೂ ಸ್ವಲ್ಪ ಬಿಡುವು."

ಮೊದಲ ಶನಿವಾರ ಲ್ಯಾಬಿಗೆ ಹೋದಾಗ ಅಲ್ಲಿದ್ದ ಮಕ್ಕಳೆಲ್ಲ ಎದ್ದು ನಿಂತರು. ಪುಸ್ತಕ ವಾಪಸು ಕೊಡದವರನ್ನು ಹುಡುಕಿಕೊಂಡು ಬಂದೆ ಎಂದು ತಿಳಿದರು ಪಾಪ. ಒಬ್ಬ ಆಗಲೇ ಚೀಲದಿಂದ ಪುಸ್ತಕ ತೆಗೆದು "ಸೋಮವಾರ ಕೊಡುವಾ ಅಂತ ಇದ್ದೆ ಮೇಡಂ," ಎಂದ. ನಾನು ಗಂಭೀರವಾಗಿ ಅದನ್ನು ತೆಗೆದುಕೊಂಡು, ಅವನ ಪಕ್ಕದಲ್ಲೇ ಕೂತುಕೊಂಡೆ.

ಬಳಗ ನಡೆಸುತ್ತಿದ್ದವಳು ಸಫಿಯಾ. ಉಪ್ಪಿನಂಗಡಿಯ ಹುಡುಗಿ, ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ನಾನು ಬ್ಯಾರಿಯಲ್ಲಿ ಮಾತಾಡಿಸಿದ್ದಕ್ಕೆ ಖುಷಿಯಾಗಿ ಅಲ್ಲಿಂದಲೇ "ವಾರಿಜಕ್ಕ" ಎಂದು ಕರೆಯಲು ಶುರುಮಾಡಿದಳು. ಅವಳ ತಾಳ್ಮೆ ಎಂಥದ್ದು ಎಂದು ಅವಳಿಗೇ ಆವರೆಗೆ ಗೊತ್ತಿರಲಿಲ್ಲ. ನಾನು ತಿಳಿಸಿಕೊಟ್ಟೆ.

ಮೊದಲ ಪಾಠದಲ್ಲಿಯೇ ನಾನು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ. ಕಂಪ್ಯೂಟರ್ ಒಂದು ಪ್ಲಸ್ ಚಿಹ್ನೆ ಕೊಟ್ಟಿತು. ಮತ್ತೆ ಒತ್ತಿದೆ. ಮತ್ತೊಂದು ಪ್ಲಸ್. ನನಗೆ ಹುರುಪು ಬಂತು. ಒತ್ತುತ್ತಾ ಹೋದೆ. ಪರದೆ ತುಂಬ ಪ್ಲಸ್! ಅಕ್ಕಪಕ್ಕದ ಮಕ್ಕಳ ಪರದೆ ನೋಡಿದೆ, ಒಬ್ಬರಿಗೂ ಇಷ್ಟು ಸಿಕ್ಕಿರಲಿಲ್ಲ.

"ಸಫಿಯಾ, ನೋಡು," ಎಂದು ಕರೆದೆ. ಸ್ವರದಲ್ಲಿ ಸ್ವಲ್ಪ ವಿನಯ ಬೆರೆಸಿದ್ದೆ.

ಅವಳು ಬಂದು ನೋಡಿ ತುಟಿ ಕಚ್ಚಿಕೊಂಡಳು. "ವಾರಿಜಕ್ಕ, ಅದು ಮಾರ್ಕ್ ಅಲ್ಲ. ನೀವು ಬ್ರಾಕೆಟ್ ಮುಚ್ಚಲಿಲ್ಲ. ಯಾವಾಗ ಮುಚ್ಚುತ್ತೀರಿ ಅಂತ ಅದು ಕಾಯ್ತಾ ಉಂಟು."

ಬ್ರಾಕೆಟ್ ಮುಚ್ಚಿದೆ. ಈಗ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು. "ಆಬ್ಜೆಕ್ಟ್ ನಾಟ್ ಫೌಂಡ್." ನೀವು ಕೇಳಿದ್ದು ಇಲ್ಲಿ ಇಲ್ಲ! ಆ ಮಾತನ್ನು ನಾನು ಎಷ್ಟು ಸಾವಿರ ಮಕ್ಕಳಿಗೆ, ಕಪಾಟಿನ ಕಡೆ ತಿರುಗಿಯೂ ನೋಡದೆ ಹೇಳಿದ್ದೇನೆ. ಅದು ಕೇಳುವವರಿಗೆ ಹೇಗಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಆದರೂ ನಾನು ಬಿಡಲಿಲ್ಲ. ಶನಿವಾರ ತಪ್ಪಿಸಲಿಲ್ಲ. ಎಡವಿದ್ದಕ್ಕೆಲ್ಲ ಒಂದು ನೋಟ್‌ಬುಕ್ ಮಾಡಿದೆ. ಅಲ್ಪವಿರಾಮ ಬಿಟ್ಟದ್ದು ಒಂದು ಪುಟ, ದೊಡ್ಡ ಅಕ್ಷರದ ಬದಲು ಸಣ್ಣ ಅಕ್ಷರ ಹಾಕಿದ್ದು ಒಂದು ಪುಟ, ಬ್ರಾಕೆಟಿಗೆ ಮೂರು ಪುಟ. ಆ ನೋಟ್‌ಬುಕ್ ತುಂಬಿದ ಮೇಲೆ ಇನ್ನೊಂದು ತೆಗೆದುಕೊಂಡೆ.

ಇದರ ನಡುವೆ ರಿಜಿಸ್ಟರ್ ಟೈಪಿಂಗ್. ಎರಡು ವರ್ಷದ ನಾಲ್ಕು ದಪ್ಪ ರಿಜಿಸ್ಟರು. ಸಫಿಯಾ ಒಂದು ಎಚ್ಚರಿಕೆ ಕೊಟ್ಟಿದ್ದಳು. "ವಾರಿಜಕ್ಕ, ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಹಾಕಬೇಕು. ನಮ್ಮ ತಲೆ ಓಡಿಸಿ ಬದಲು ಮಾಡ್ಲಿಕ್ಕೆ ಇಲ್ಲ." ಈ ಮಾತನ್ನು ನಾನು ವ್ರತದ ಹಾಗೆ ಹಿಡಿದುಕೊಂಡೆ. ಉಪ್ಪಿನಂಗಡಿ ಎಂದು ಬರೆದವರಿಗೆ ಉಪ್ಪಿನಂಗಡಿ, ಉಪ್ಪಿನಂಗಡ್ ಎಂದು ಬರೆದವರಿಗೆ ಉಪ್ಪಿನಂಗಡ್, ಬರೀ ಉಪ್ಪು ಎಂದು ಬರೆದು ಓಡಿದವನಿಗೆ ಉಪ್ಪು. ಒಂದಕ್ಷರ ಆಚೀಚೆ ಮಾಡಲಿಲ್ಲ.

ಒಂದೇ ಒಂದು ಕಡೆ ಮಾತ್ರ ನನ್ನ ಬುದ್ಧಿ ಬಳಸಿದೆ. ಮಕ್ಕಳು ಬಸ್ಸಿನ ಗುಂಪಿನಲ್ಲೇ ಬರುವುದು. ಮೊದಲನೆಯವಳು ಊರ ಹೆಸರು ಬರೆದರೆ, ಹಿಂದಿನವರು ಅದರ ಕೆಳಗೆ ಎರಡು ಗೀಟು ಹಾಕಿ ಹೋಗುತ್ತಾರೆ. ಮೇಲಿನದ್ದೇ ಎಂದು ಅರ್ಥ. ಎರಡು ಗೀಟು ಪಾಪ ಕಂಪ್ಯೂಟರಿಗೆ ಹೇಗೆ ಅರ್ಥವಾಗಬೇಕು? ನಮ್ಮ ಅಪ್ಪ ಶಾನುಭೋಗರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಇಂಥ ಕಡೆ ಅವರು 'ಸದ್ರಿ' ಎಂದು ಬರೆಯುತ್ತಿದ್ದರು. ಮೇಲೆ ಹೇಳಿದ್ದೇ ಎಂಬುದಕ್ಕೆ ಕಚೇರಿಯ ಮಾತು. ನಾನೂ ಗೀಟು ಇದ್ದಲ್ಲೆಲ್ಲ ಶುದ್ಧವಾಗಿ 'ಸದ್ರಿ' ಎಂದು ಟೈಪ್ ಮಾಡಿದೆ. ಕಂಪ್ಯೂಟರಿಗೆ ಉಪಕಾರ ಮಾಡಿದ ಸಮಾಧಾನ!

ಸಮಿತಿಯ ಸಭೆಯ ದಿನ ಬಂತು. ನಾನು ಕೆಂಪು ರೇಷ್ಮೆ ಸೀರೆ ಉಟ್ಟಿದ್ದೆ. ಗ್ರಾಫಿಗೆ ಆರಿಸಿದ್ದ ಬಣ್ಣಕ್ಕೆ ಹೊಂದುವಂತೆ ರವಿಕೆ. ಧೈರ್ಯಕ್ಕೆ ಸಫಿಯಾ ಪಕ್ಕದಲ್ಲಿದ್ದಳು. "ಒಮ್ಮೆ ಮೊದಲೇ ನೋಡುವ ವಾರಿಜಕ್ಕ," ಎಂದು ಅವಳು ಎರಡು ಸಲ ಹೇಳಿದ್ದಳು. ಎಲ್ಲರ ಎದುರೇ ಮೊದಲ ಸಲ ತೆರೆದರೆ ಅದರ ಗತ್ತೇ ಬೇರೆ ಎಂದು ನಾನು ಒಪ್ಪಿರಲಿಲ್ಲ.

ಸಂಚಾಲಕರು ಹಳೆಯ ವಕೀಲರು. ಕನ್ನಡಕ ಹಣೆಯ ಮೇಲಿಂದ ಕೆಳಗಿಳಿಸಿ, "ಹೂಂ, ಶುರು ಮಾಡಿ ವಾರಿಜಾ," ಎಂದರು.

"ಮಾನ್ಯರೇ," ಎಂದೆ. "ನಮ್ಮ ಲೈಬ್ರರಿಗೆ ಅತಿ ಹೆಚ್ಚು ಓದುಗರು ಯಾವ ಊರಿನಿಂದ ಬರುತ್ತಾರೆ? ನಾನಲ್ಲ, ವಿಜ್ಞಾನವೇ ಹೇಳಲಿ!"

ಗುಂಡಿ ಒತ್ತಿದೆ.

ಪರದೆಯ ಮೇಲೆ ಸಣ್ಣ ಸಣ್ಣ ಕಂಬಗಳು ಸಾಲಾಗಿ ಬಂದವು. ಅವುಗಳ ನಡುವೆ ಒಂದು ಕಂಬ ಮಾತ್ರ ಮೊಬೈಲ್ ಟವರಿನ ಹಾಗೆ ನೆಟ್ಟಗೆ ನಿಂತಿತ್ತು. ಕೆಳಗೆ ಊರಿನ ಹೆಸರು ಸ್ಪಷ್ಟವಾಗಿತ್ತು. ಸದ್ರಿ!

ಸದಸ್ಯರೆಲ್ಲ ಪರದೆಯ ಕಡೆ ಬಾಗಿದರು.

"ಸದ್ರಿ?" ಎಂದು ಒಬ್ಬ ಸದಸ್ಯರು ಹುಬ್ಬು ಗಂಟಿಕ್ಕಿದರು. "ಇದು ಯಾವ ತಾಲೂಕು ಮಾರಾಯ್ರೆ?"

"ಕಡಬ ಇರಬೇಕು," ಎಂದರು ಇನ್ನೊಬ್ಬರು. "ಅದು ಹೊಸ ತಾಲೂಕು ಆದ ಮೇಲೆ ಯಾವ ಊರು ಎಲ್ಲಿಗೆ ಹೋಯ್ತು ಅಂತ ಯಾರಿಗೆ ಗೊತ್ತುಂಟು?"

"ಅಲ್ಲಿಂದ ಇಷ್ಟು ಮಕ್ಕಳು ಬರ್ತಾರಾ? ಹಾಗಾದ್ರೆ ಆ ಕಡೆಗೆ ಕಾಲೇಜಿನದ್ದೇ ಒಂದು ಬಸ್ಸು ಬಿಡಬಹುದಲ್ಲ!"

ಸಂಚಾಲಕರು ಮಾತ್ರ ಕನ್ನಡಕವನ್ನು ಮೆಲ್ಲನೆ ಹಣೆಗೆ ಏರಿಸಿದರು. "ವಾರಿಜಾ, ಜೀವನವಿಡೀ ಅರ್ಜಿಯಲ್ಲಿ ಸದ್ರಿ ಸದ್ರಿ ಅಂತ ಬರೆದವ ನಾನು. ಅದು ಊರು ಅಂತ ಇವತ್ತು ಗೊತ್ತಾಯ್ತು."

ಮುಖ ಸೀರೆಯ ಬಣ್ಣಕ್ಕೆ ಬಂತು. ಆದರೂ ನಿಂತೆ. "ಸರ್, ಊರು ಬಿಡಿ. ಮುಖ್ಯವಾದದ್ದು ಸಮಯ. ಸಂಜೆ ಎಷ್ಟು ಜನ ಬರ್ತಾರೆ ನೋಡಿ!" ಎಂದು ಎರಡನೇ ಗುಂಡಿ ಒತ್ತಿದೆ. ರಿಜಿಸ್ಟರಿನಲ್ಲಿ ಮಕ್ಕಳು ನಾಲ್ಕೂವರೆ, ಐದು ಎಂದಷ್ಟೇ ಬರೆದಿದ್ದರು. ನಾನೂ ಹಾಗೆಯೇ ಹಾಕಿದ್ದೆ. ಒಂದಕ್ಷರ ಆಚೀಚೆ ಇಲ್ಲ! ಬೆಳಿಗ್ಗೆಯೋ ಸಂಜೆಯೋ ಎಂದು ಹೇಳದಿದ್ದರೆ ಕಂಪ್ಯೂಟರ್ ಅದನ್ನು ಬೆಳಿಗ್ಗೆ ಎಂದೇ ತಿಳಿಯುತ್ತದಂತೆ. ನಮ್ಮ ಲೈಬ್ರರಿಯಲ್ಲಿ ಬೆಳಗ್ಗಿನ ಜಾವ ನಾಲ್ಕೂವರೆಗೆ ಕಾಲಿಡಲು ಜಾಗವಿಲ್ಲವೆಂದೂ, ಸಂಜೆ ನಾಲ್ಕರ ಮೇಲೆ ಒಂದು ನರಪಿಳ್ಳೆಯೂ ಇರುವುದಿಲ್ಲವೆಂದೂ ಗ್ರಾಫ್ ಸ್ಪಷ್ಟವಾಗಿ ಸಾರಿತು.

ಅಂದರೆ ಸಮಿತಿಯವರು ಕಾಗದದಲ್ಲಿ ಬರೆದದ್ದನ್ನೇ ನಾನು ವಿಜ್ಞಾನದ ಮೂಲಕ ಸಾಬೀತು ಮಾಡಿದ್ದೆ!

"ವಾಚ್‌ಮನ್‌ಗೆ ಒಂದು ಮೆಮೊ ಕೊಡಬೇಕಾಯ್ತಲ್ಲ," ಎಂದರು ಕಡಬ ಎಂದು ಊಹಿಸಿದ್ದ ಸದಸ್ಯರು. "ಬೆಳಗ್ಗಿನ ಜಾವ ಇಷ್ಟು ಜನರನ್ನು ಒಳಗೆ ಬಿಟ್ಟದ್ದು ಯಾಕೆ ಅಂತ."

ಆಮೇಲೆ ಎಲ್ಲರೂ ನಕ್ಕರು. ಸಂಚಾಲಕರು ನಗುವಿನ ನಡುವೆಯೇ, "ಹದಿನೈದು ದಿನ ಕೊಡ್ತೇನೆ. ಸರಿ ಮಾಡಿಕೊಂಡು ಬನ್ನಿ. ಆಗದಿದ್ರೆ ನಾಲ್ಕಕ್ಕೆ ಬಾಗಿಲು," ಎಂದರು.

ಹೊರಗೆ ವರಾಂಡದಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಸಫಿಯಾ ಕೈ ಹಿಡಿದಳು. "ತಪ್ಪು ನನ್ನದು ವಾರಿಜಕ್ಕ. ಇದ್ದ ಹಾಗೆ ಹಾಕಿ ಅಂತ ಹೇಳಿದೆ, ಆಮೇಲೆ ಕ್ಲೀನ್ ಮಾಡುದು ಬೇರೆ ಕೆಲಸ ಅಂತ ಹೇಳ್ಲಿಕ್ಕೆ ಮರೆತೆ. ಇದು ನಮ್ಮ ಪಾಠದಲ್ಲಿ ಮುಂದಿನ ತಿಂಗಳು ಇತ್ತು."

"ಮುಂದಿನ ತಿಂಗಳಲ್ಲ," ಎಂದೆ, ಕಣ್ಣೊರೆಸಿಕೊಂಡು. "ಈಗಲೇ ಹೇಳು."

ಹದಿನೈದು ದಿನ ನಮ್ಮ ಮನೆಯ ಊಟದ ಮೇಜು ಊರುಗಳ ಪಟ್ಟಿಯಿಂದ ತುಂಬಿತ್ತು. ಉಪ್ಪಿನಂಗಡಿ ಹನ್ನೊಂದು ಬಗೆ, ಗುತ್ತಿಗಾರು ಏಳು ಬಗೆ. ನಾನು ಒಂದೊಂದಾಗಿ ಓದುವುದು, ನಮ್ಮವರು ತೀರ್ಪು ಕೊಡುವುದು. ಊರಿನ ವಿಷಯದಲ್ಲಿ ಅವರದ್ದು ಸುಪ್ರೀಂ ಕೋರ್ಟು. ತೊಂದರೆ ಎಂದರೆ ಅವರ ಭೂಗೋಳ ಪೂರ್ತಿ ಬಸ್ಸಿನದ್ದು.

"ಇದೂ ಮಂಡೆಕೋಲೂ ಒಂದೇ. ಸೇರಿಸಿಬಿಡು."

"ಹೇಗೆ ಒಂದೇ? ನಡುವೆ ಎಷ್ಟು ದೂರ ಉಂಟು!"

"ಬಸ್ಸು ಒಂದೇ ಅಲ್ವಾ?"

"ಹಾಗೆ ನೋಡಿದ್ರೆ ಪುತ್ತೂರಿಂದ ಹೋಗುವ ಬೆಂಗಳೂರು ಬಸ್ಸು ಸುಳ್ಯಕ್ಕೂ ಹೋಗ್ತದೆ. ಸುಳ್ಯ, ಬೆಂಗಳೂರು ಒಂದೇ ಅಂತ ಬರೆಯುದಾ?"

ಅವರು ಮೈಕಿನ ರಾಗದಲ್ಲೇ, "ಟ್ರಾಫಿಕ್ ನೋಡಿದ್ರೆ ಹಾಗೇ ಅನ್ನಿಸ್ತದೆ," ಎಂದರು.

ಒಂದು ದಿನ ಇಬ್ಬರಿಗೂ ಜಗಳವಾಗಿ, ಅವರು ಬರೀ ಮೊಸರನ್ನ ತಿಂದು ಡ್ಯೂಟಿಗೆ ಹೋದರು. ಆದರೆ ಸಂಜೆ ಬರುವಾಗ ಎಲ್ಲ ಬಸ್ಸು ನಿಲ್ಲುವ ಊರುಗಳ ಹೆಸರನ್ನು ದೂರದ ಲೆಕ್ಕದಲ್ಲಿ ಕಾಗದದಲ್ಲಿ ನೀಟಾಗಿ ಬರೆದು ತಂದಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಬರೆದ ಮೊದಲ ಪತ್ರ ಅದು. ಸುಳ್ಯ ಕ್ರಾಸಿನಿಂದ ಶುರುವಾಗಿ ಗುತ್ತಿಗಾರಿನಲ್ಲಿ ಮುಗಿಯುತ್ತದೆ. ನಾನು ಜೋಪಾನವಾಗಿ ಇಟ್ಟಿದ್ದೇನೆ.

ಎರಡನೇ ಸಭೆಗೆ ಹತ್ತಿಯ ಸೀರೆ ಉಟ್ಟೆ. ಈ ಸಲ ಹತ್ತು ಸಲ ಮೊದಲೇ ನೋಡಿದ್ದೆ. ಊರುಗಳು ಸರಿಯಾಗಿ ನಿಂತವು. ಸಮಯದ ಗ್ರಾಫಿನಲ್ಲಿ ಸಂಜೆ ನಾಲ್ಕರಿಂದ ಐದೂಮುಕ್ಕಾಲರ ಕಂಬಗಳು ಎಲ್ಲದಕ್ಕಿಂತ ಎತ್ತರ. ಸಮಿತಿಯವರು ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ. ಅಷ್ಟಕ್ಕೇ ಕೂತಿದ್ದರೆ ಆಗುತ್ತಿತ್ತು!

ಸಂಚಾಲಕರು ಕೇಳಿದರು, "ಬರ್ತಾರೆ, ಸರಿ. ಬಂದು ಎಂತ ಮಾಡ್ತಾರೆ?"

"ಅದೂ ಉಂಟು ಸರ್! ಉದ್ದೇಶದ ಕಾಲಂ!" ಎಂದೆ. ಅದನ್ನು ನಾವು ಮುಟ್ಟಿಯೇ ಇರಲಿಲ್ಲ. ಸಫಿಯಾ ನನ್ನ ಸೆರಗು ಎಳೆದಳು. ನಾನು ಅಷ್ಟರಲ್ಲಿ 'ಸಮಯ' ಎಂದಿದ್ದಲ್ಲಿ 'ಉದ್ದೇಶ' ಎಂದು ಬದಲಿಸಿ ಗುಂಡಿ ಒತ್ತಿಯಾಗಿತ್ತು.

ಎಲ್ಲಕ್ಕಿಂತ ಎತ್ತರದ ಕಂಬದ ಕೆಳಗೆ ಒಂದೇ ಅಕ್ಷರ. 'ಚಾ'.

ಟೈಪ್ ಮಾಡುವಾಗ ಈ 'ಚಾ' ನನಗೆ ತುಂಬ ಸಿಕ್ಕಿತ್ತು. ಚಾರಿತ್ರಿಕ ಅಧ್ಯಯನ ಎಂಬುದರ ಮೊದಲಕ್ಷರ ಎಂದು ತಿಳಿದು, ನಮ್ಮ ಮಕ್ಕಳಿಗೆ ಇತಿಹಾಸದಲ್ಲಿ ಎಷ್ಟು ಆಸಕ್ತಿ ಎಂದು ಸಂತೋಷಪಟ್ಟಿದ್ದೆ.

"ಲೈಬ್ರರಿಯಲ್ಲಿ ಕೂತು ಚಾ ಕುಡಿಯುದಾ?" ಎಂದರು ಸಂಚಾಲಕರು.

"ಇಲ್ಲ ಸರ್, ಅದು ಚಾರಿತ್ರಿಕ..."

"ವಾರಿಜಕ್ಕ," ಎಂದು ಸಫಿಯಾ ಕಿವಿಯಲ್ಲಿ ಹೇಳಿದಳು. "ಅದು ಚಾರ್ಜ್. ಮೊಬೈಲ್ ಚಾರ್ಜ್."

ನಾನು ನಿಂತಲ್ಲೇ ಕುಗ್ಗಿಹೋದೆ. ಓದು ಎಂಬ ಕಂಬ ಎಲ್ಲಿದೆ ಎಂದು ಹುಡುಕಿದೆ. ಇತ್ತು. ಮೂಲೆಯಲ್ಲಿ, ಕುಳ್ಳಗೆ, ನಾಚಿಕೆಯಿಂದ ನಿಂತಿತ್ತು.

ಸದಸ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನನ್ನ ತಲೆಯಲ್ಲಿ ಮಾತ್ರ ಆಗ ಒಂದು ಪ್ರಶ್ನೆ ಬಂತು. ಚಾರ್ಜ್ ಮಾಡುವವರು ಯಾರು? ಎಲ್ಲರೂ ಮಾಡುತ್ತಾರಾ? "ಒಂದು ನಿಮಿಷ ಸರ್," ಎಂದೆ. ಎಲ್ಲರ ಎದುರು ಕೂತು, ಊರಿನ ಪ್ರಕಾರ ಬಿಡಿಸಿ ತೋರಿಸು ಎಂದು ನಾನೇ ಟೈಪ್ ಮಾಡತೊಡಗಿದೆ. ಎಂಟರ್. ಕೆಂಪು ಸಾಲು. ಅಲ್ಪವಿರಾಮ ಬಿಟ್ಟಿದ್ದೆ. ಸಫಿಯಾ ಕೈ ಚಾಚಿದಳು. "ಬೇಡ, ನಾನೇ ಮಾಡ್ತೇನೆ," ಎಂದೆ. ಎಂಟರ್. ಪ್ಲಸ್! ಬ್ರಾಕೆಟ್ ಮುಚ್ಚಿದೆ. ಎಂಟರ್.

ಬಂತು.

ಪುತ್ತೂರು ಪೇಟೆಯ ಮಕ್ಕಳಲ್ಲಿ ಚಾರ್ಜಿನ ಕಂಬ ಇಲ್ಲವೆಂಬಷ್ಟು ಸಣ್ಣದು. ಉಪ್ಪಿನಂಗಡಿಗೆ ಸ್ವಲ್ಪ ದೊಡ್ಡದು. ದೂರ ಹೋದ ಹಾಗೆ ಕಂಬ ಎತ್ತರವಾಗುತ್ತಾ ಹೋಗಿ, ಕಡಬ ದಾಟಿ, ಮಂಡೆಕೋಲು ದಾಟಿ, ಗುತ್ತಿಗಾರಿನಲ್ಲಿ ಎಲ್ಲಕ್ಕಿಂತ ಮೇಲೆ.

"ಗುತ್ತಿಗಾರಿನಲ್ಲಿ ಕರೆಂಟ್ ಇಲ್ವಾ?" ಎಂದು ಯಾರೋ ಕೇಳಿದರು.

"ಕರೆಂಟ್ ಉಂಟು ಸರ್. ಆನೆಯೂ ಉಂಟು," ಎಂದೆ. "ದೀಕ್ಷಾ ಅಂತ ಒಬ್ಬಳು ಹುಡುಗಿ ಒಮ್ಮೆ ನನ್ನ ಟೇಬಲ್ ಫ್ಯಾನಿನ ಪ್ಲಗ್ ತೆಗೆದು ಫೋನ್ ಸಿಕ್ಕಿಸಿದ್ಲು. ನಾನು ಚೆನ್ನಾಗಿ ಬೈದೆ. ಆಮೇಲೆ ಹೇಳಿದ್ಲು, ಬಸ್ಸಿಳಿದ ಕೂಡಲೇ ಮನೆಗೆ ಫೋನ್ ಮಾಡಬೇಕಂತೆ, ದಾರಿಯಲ್ಲಿ ಆನೆ ಉಂಟಾ ಇಲ್ವಾ ಅಂತ ಕೇಳ್ಲಿಕ್ಕೆ. ಉಂಟು ಅಂದ್ರೆ ಅಂಗಡಿಯಲ್ಲೇ ನಿಲ್ಲುದು, ಅಪ್ಪ ಜೀಪು ತರ್ತಾರೆ. ಆರೂವರೆಗೆ ಮನೆ ಬಿಟ್ಟ ಮಕ್ಕಳ ಫೋನು ಸಂಜೆಗೆ ಸತ್ತಿರ್ತದೆ ಸರ್. ಬೇರೆ ಎಲ್ಲಿ ಹಾಕುದು ಅವರು?"

ಕಡಬದ ಸದಸ್ಯರು ಮೆಲ್ಲನೆ, "ನಮ್ಮ ತಂಗಿಯ ಮಗಳೂ ಹಾಗೇ," ಎಂದರು. ಸಂಚಾಲಕರು ಗ್ರಾಫನ್ನು ತುಂಬ ಹೊತ್ತು ನೋಡಿ, "ಬಾಗಿಲು ಹಾಕುದು ಬೇಡ," ಎಂದರು.

ವರಾಂಡದಲ್ಲಿ ಸಫಿಯಾ ನನ್ನನ್ನು ತಬ್ಬಿಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ನಾನು ನೆಲದ ಮೇಲೆ ನಡೆದ ನೆನಪಿಲ್ಲ.

ವಾರದೊಳಗೆ ಲಿಖಿತ ಆದೇಶ ಬಂತು. ಲೈಬ್ರರಿಯನ್ನು ಐದೂಮುಕ್ಕಾಲರವರೆಗೆ ತೆರೆದಿಡತಕ್ಕದ್ದು. ಓದುವ ಕೋಣೆಯಲ್ಲಿ ಹೊಸದಾಗಿ ಹನ್ನೆರಡು ಪ್ಲಗ್ ಪಾಯಿಂಟ್ ಹಾಕಿಸತಕ್ಕದ್ದು. ಅದಕ್ಕೆ ಜಾಗ ಸಾಲದಿದ್ದಲ್ಲಿ ಹಳೆಯ ಗ್ರಂಥಗಳ ಕಪಾಟೊಂದನ್ನು ಆಚೆ ಸರಿಸತಕ್ಕದ್ದು. ಇವೆಲ್ಲದರ ಸಂಪೂರ್ಣ ಹೊಣೆ ಗ್ರಂಥಪಾಲಕಿಯವರದ್ದು. ವಿಜ್ಞಾನಕ್ಕೆ ಜಯವಾಯಿತು. ಕಪಾಟು ಆಚೆ ಹೋಯಿತು.

ಮೊನ್ನೆ ಹೊಸದಾಗಿ ಸೇರಿದ ಒಬ್ಬಳು ಹುಡುಗಿ ಸಂಕೋಚದಿಂದ ನನ್ನ ಮೇಜಿನ ಹತ್ತಿರ ಬಂದು ನಿಂತಳು. ನಾನು ಕನ್ನಡಕ ಸರಿಮಾಡಿಕೊಂಡು, ಕಾದಂಬರಿಯೋ ಕವಿತೆಯೋ ಎಂದು ಕೇಳಲು ಬಾಯಿ ತೆರೆದೆ.

"ಮೇಡಂ, ಟೈಪ್ ಸಿ ಉಂಟಾ?" ಎಂದಳು.

ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ನಾನು ಡ್ರಾಯರ್ ಎಳೆದೆ. ಕೇಬಲಿಗೆ ನಂಬರ್ ಅಂಟಿಸಿತ್ತು. ಕೊಟ್ಟು, ಸಹಿ ಹಾಕಿಸಿಕೊಂಡು, ಕಟ್ಟುನಿಟ್ಟಾಗಿ ಹೇಳಿದೆ:

"ಪುಟದ ಅಂಚು ಮಡಚಬಾರದು!"